ಹೊಸದಾಗಿ ಕಟ್ಟಿಸಿದ ಹರಿಕೇನ್ ಎಂಜಿನ್ನಿಗೆ ದೊಡ್ಡ ಕಾರ್ಬುರೇಟರ್ ಬೇಡ

ಬೋರಿಂಗ್ ಮಾಡಿಸಿ (ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ) ಕಟ್ಟಿದ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಎಫ್‌ಸಿ 150 ಟ್ರಕ್ಕಿಗೆ ಎರಡು ಬ್ಯಾರೆಲ್ಲಿನ (ಗಾಳಿ ಎಳೆಯೋ ಎರಡು ಕೊಳವೆಯ) ವೆಬರ್ 32/36 ಕಾರ್ಬುರೇಟರ್ ಹಾಕಿಸಲೋ, ಸೋಲೆಕ್ಸ್ ಹಾಕಿಸಲೋ, ಹಳೇ ಕಾರ್ಟರನ್ನೇ ರಿಪೇರಿ ಮಾಡಿಸಲೋ ಅಂತ ಕೇಳಿದ್ದೀರಿ. ನಂದೂ ಇದೇ ಟ್ರಕ್ಕು, ಇದೇ ಎಂಜಿನ್ನು. ಎರಡು ಬ್ಯಾರೆಲ್ಲಿನದು ಹಾಕಿಸಿ, ಆಗಷ್ಟೇ ಕಟ್ಟಿದ್ದ ಎಂಜಿನ್ ಕಳಕೊಂಡೆ.

ನಮ್ಮೂರು ಚಿಕ್ಕಬಳ್ಳಾಪುರದ ಪಕ್ಕ. ನಮ್ಮ ದೊಡ್ಡಪ್ಪ ಅದರಲ್ಲಿ ಬೆಂಗಳೂರಿಗೆ ದ್ರಾಕ್ಷಿ ಹೊಡೀತಿದ್ದರು. ಆಮೇಲೆ ಅದು ಶೆಡ್ಡಲ್ಲೇ ನಿಂತುಬಿಟ್ಟಿತ್ತು. ಬೋರಿಂಗ್ ಮಾಡಿಸಿ, 60 ಓವರ್‌ಸೈಜ್ (0.060 ಇಂಚು ದೊಡ್ಡದು) ಪಿಸ್ಟನ್ ಹಾಕಿಸಿ, ಬೆಂಗಳೂರಿನ ಜೆಸಿ ರೋಡಲ್ಲಿ ಸಿಕ್ಕ ರಿಂಗು, ಬೇರಿಂಗು ತಂದು ಕಟ್ಟಿಸಿದೆ. ಬೋರ್ ದೊಡ್ಡದಾಯ್ತಲ್ಲ, ಕಾರ್ಬುರೇಟರೂ ದೊಡ್ಡದಿರಲಿ ಅನ್ನೋದು ನನ್ನ ಲೆಕ್ಕ. ನಿಮ್ಮ ಪ್ರಶ್ನೆಯಲ್ಲೂ ಅದೇ ಲೆಕ್ಕ ಕಾಣ್ತಾ ಇದೆ, ಅದು ತಪ್ಪು. 60 ಓವರ್‌ಸೈಜ್ ಮಾಡಿದರೂ ಈ ಎಂಜಿನ್ 2,199 ಸಿಸಿಯಿಂದ 2,280ರ ಹತ್ತಿರಕ್ಕೆ ಬರುತ್ತೆ ಅಷ್ಟೆ. ಹೆಚ್ಚಾಗೋದು ಶೇ 4ರಷ್ಟು. 4,000 ಆರ್‌ಪಿಎಂನಲ್ಲಿ ಇದು ನಿಮಿಷಕ್ಕೆ ಎಳಕೊಳ್ಳೋ ಗಾಳಿ ಹೆಚ್ಚೂಕಡಿಮೆ 120 ಘನ ಅಡಿ, ಅಂದ್ರೆ 120 ಸಿಎಫ್‌ಎಂ, ಅಷ್ಟನ್ನ ಸಿಂಗಲ್ ಬ್ಯಾರೆಲ್ ಆರಾಮಾಗಿ ಕೊಡುತ್ತೆ. ಲೋಡ್ ಎಳೆಯೋ ಟ್ರಕ್ಕಲ್ಲಿ 4,000 ಮುಟ್ಟೋದು ತಾನೇ ಯಾವಾಗ? ಇದರ ತಾಕತ್ತೆಲ್ಲ ಇರೋದು 2,000ದ ಆಸುಪಾಸಿನಲ್ಲಿ. ಅಲ್ಲಿ ವೆಂಚುರಿ (ಕಾರ್ಬುರೇಟರ್ ಒಳಗಿನ ಕಿರಿದಾದ ಕತ್ತು) ಅಗಲ ಆದಷ್ಟೂ ಗಾಳಿಯ ವೇಗ ಬೀಳುತ್ತೆ, ಪೆಟ್ರೋಲ್ ಹಬೆಯಾಗದೆ ಹನಿಹನಿಯಾಗಿ ಒಳಗೆ ಹೋಗುತ್ತೆ.

ನಂಗೆ ಆಗಿದ್ದೂ ಅದೇ. ಹರಿಕೇನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಇಲ್ಲ, ಹೆಡ್ಡಲ್ಲೇ ಎರಕ ಹೊಯ್ದಿರುತ್ತೆ. ಹಾಗಾಗಿ ಅಡಾಪ್ಟರ್ ಪ್ಲೇಟ್ ಮಾಡಿಸಿ ಅದರ ಮೇಲೆ ಕಾರ್ಬುರೇಟರ್ ಕೂರಿಸಿದ್ದಾಯ್ತು. ಎಫ್‌ಸಿಯಲ್ಲಿ ಎಂಜಿನ್ ಇರೋದು ಕ್ಯಾಬಿನ್ ಒಳಗೆ, ಎರಡು ಸೀಟಿನ ಮಧ್ಯೆ. ಎತ್ತರ ಹೆಚ್ಚಾಗಿ ಅದರ ಕವರ್ರೇ ಮುಚ್ಚಲಿಲ್ಲ. ಅವತ್ತೇ ಕಳಚಿಡಬೇಕಿತ್ತು. ಸ್ಲೋ ಸ್ಪೀಡಲ್ಲಿ ಮಿಸ್ಸಿಂಗ್ ಹೊಡೀತು ಅಂತ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡೋ ತೂತಿನ ತಿರುಪು) ಇನ್ನೂ ದೊಡ್ಡದು ಹಾಕಿಸಿದೆ. ಕಪ್ಪು ಹೊಗೆ ಬಂತು. ಹೊಸ ಎಂಜಿನ್ನು, ರಿಂಗ್ ಇನ್ನೂ ಕೂತಿಲ್ಲ, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಅಂದುಕೊಂಡು ಓಡಿಸಿದೆ.

ನಾನು ಎಡವಿದ್ದು ಕಾರ್ಬುರೇಟರ್ ಆರಿಸೋದರಲ್ಲಿ ಮಾತ್ರ ಅಲ್ಲ. ಮುಖ್ಯವಾಗಿ ಎಡವಿದ್ದು ಡಿಪ್‌ಸ್ಟಿಕ್ ನೋಡೋದರಲ್ಲಿ. ದಿನಾ ಬೆಳಿಗ್ಗೆ ಆಯಿಲ್ ನೋಡ್ತಿದ್ದೆ. ಮಟ್ಟ ಇಳೀತಾನೇ ಇರಲಿಲ್ಲ. ಆಯಿಲ್ ಕುಡೀತಿಲ್ಲ, ಕೆಲಸ ಗಟ್ಟಿಯಾಗಿದೆ ಅಂತ ಖುಷಿಪಟ್ಟೆ. ಸ್ವಲ್ಪ ದಿನ ಆದ ಮೇಲೆ ಮಟ್ಟ ಫುಲ್ ಗೀಟಿಗಿಂತ ಮೇಲೇ ಇತ್ತು. ಹಿಂದಿನ ಸಲ ಜಾಸ್ತಿ ಹುಯ್ದಿರಬೇಕು ಅಂದುಕೊಂಡೆ. ದಯವಿಟ್ಟು ಇದೊಂದನ್ನ ಸರಿಯಾಗಿ ಕೇಳಿಸಿಕೊಳ್ಳಿ: ಎಂಜಿನ್ನಲ್ಲಿ ಆಯಿಲ್ ತಾನಾಗೇ ಹೆಚ್ಚಾಗಲ್ಲ. ಹೆಚ್ಚಾಗ್ತಿದೆ ಅಂದ್ರೆ ಇನ್ನೇನೋ ಬಂದು ಸೇರ್ತಾ ಇದೆ. ನನ್ನದರಲ್ಲಿ ಸೇರ್ತಿದ್ದದ್ದು ಪೆಟ್ರೋಲು. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲ್ ಪದರ ತೊಳೆದುಕೊಂಡು ರಿಂಗ್ ಸಂದಿಯಿಂದ ಕೆಳಗೆ ಸಂಪಿಗೆ, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳೀತಿತ್ತು. ಮೇಲೆ ರಿಂಗು ಒಣ ಗೋಡೆಗೆ ಉಜ್ಜಿತು, ಕೆಳಗೆ ತೆಳುವಾದ ಆಯಿಲ್ ಬೇರಿಂಗ್ ಕಾಯಲಿಲ್ಲ. ಕಡ್ಡಿ ಎಳೆದು ಒಂದು ಸಲ ಮೂಸಿ ನೋಡಿದ್ದರೆ, ಎರಡು ಬೆರಳಲ್ಲಿ ಉಜ್ಜಿ ನೋಡಿದ್ದರೆ ಅವತ್ತೇ ಗೊತ್ತಾಗ್ತಿತ್ತು. ನಾನು ಬರೀ ಗೀಟು ನೋಡಿ ಬಟ್ಟೇಲಿ ಒರೆಸಿ ಇಟ್ಟೆ.

ಕೊನೆಗೆ ಬಿಚ್ಚಿಸಿದಾಗ ಹೋನಿಂಗ್ ಗೀರುಗಳು (ಆಯಿಲ್ ನಿಲ್ಲಲಿ ಅಂತ ಸಿಲಿಂಡರ್ ಗೋಡೆಗೆ ಹಾಕೋ ಸಣ್ಣ ಗೆರೆಗಳು) ಅಳಿಸಿಹೋಗಿ ಬೋರ್ ಕನ್ನಡಿ ಥರ ಹೊಳೀತಿತ್ತು. ಬಿಗ್ ಎಂಡ್ ಬೇರಿಂಗಲ್ಲಿ ಮೇಲಿನ ಬೂದು ಪದರ ಸವೆದು ತಾಮ್ರದ ಬಣ್ಣ ಎದ್ದಿತ್ತು. ಮತ್ತೆ ಹೋನಿಂಗ್, ಮತ್ತೆ ರಿಂಗ್ ಸೆಟ್, ಮತ್ತೆ ಬೇರಿಂಗ್.

ಹಾಗಾಗಿ ನನ್ನ ಮಾತು ಕೇಳೋದಾದರೆ ವೆಬರ್ ಬಿಡಿ. ಅದು ಕೆಟ್ಟ ಕಾರ್ಬುರೇಟರ್ ಅಂತಲ್ಲ, ಜೆಟ್ ಸರಿಮಾಡೋ ಕೈ ಸಿಕ್ಕರೆ ಚೆನ್ನಾಗೇ ಓಡುತ್ತೆ. ಆದರೆ ರನ್ನಿಂಗ್ ಇನ್ (ಹೊಸ ಎಂಜಿನ್ ಪಳಗಿಸೋ ಮೊದಲ ಓಟ) ಮುಗಿಯದ ಎಂಜಿನ್ ಮೇಲೆ ಆ ಪ್ರಯೋಗ ಬೇಡ. ಹಳೇ ಕಾರ್ಟರಿನ ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಅಲ್ಲಿಂದ ಗಾಳಿ ಕದಿಯುತ್ತೆ, ಆಮೇಲೆ ಎಷ್ಟು ಟ್ಯೂನಿಂಗ್ ಮಾಡಿದರೂ ಐಡ್ಲಿಂಗ್ ನಿಲ್ಲಲ್ಲ. ಲೇತಲ್ಲಿ ಬುಷ್ ಹಾಕಿಸಬಹುದು. ಆಗಲ್ಲ ಅಂದ್ರೆ ಸಿಂಗಲ್ ಬ್ಯಾರೆಲ್ ಸೋಲೆಕ್ಸ್ ಹಾಕಿಸಿ. ನಾನೀಗ ಓಡಿಸ್ತಿರೋದು ಅದೇ.

ಜೆಟ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ಶೇ 8ರಷ್ಟು ತೆಳು. ಅದರಿಂದ ಮಿಶ್ರಣ ಸುಮಾರು ಶೇ 4ರಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತೆ. 1,478 ಮೀಟರ್ ಎತ್ತರದ ನಂದಿಬೆಟ್ಟ ಹತ್ತಿಸಿದರೆ ಇನ್ನೂ ರಿಚ್. ಇನ್ನೊಂದು ಕಡೆ ಬಂಕಲ್ಲೀಗ ಸಿಗೋದು ಇ20, ಅಂದ್ರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಬಿಡುಗಡೆ ಆಯ್ತಲ್ಲ, ಅದು. ಎಥನಾಲಿಗೆ ಉರಿಯೋಕೆ ಗಾಳಿ ಕಮ್ಮಿ ಸಾಕು, ಹಾಗಾಗಿ ಹಳೇ ಜೆಟ್ಟಲ್ಲಿ ಮಿಶ್ರಣ ಸುಮಾರು ಶೇ 8ರಷ್ಟು ಲೀನ್ (ಪೆಟ್ರೋಲ್ ಕಮ್ಮಿ) ಆಗುತ್ತೆ. ಎತ್ತರದ ಪರಿಣಾಮ ಅದರಲ್ಲಿ ಅರ್ಧ ತಿಂದುಹಾಕುತ್ತೆ. ಉಳಿಯೋದು ಶೇ 4ರ ಕೊರತೆ. ಸೋಲೆಕ್ಸ್ ಜೆಟ್ ನಂಬರ್ ಮಿಲಿಮೀಟರಿನ ನೂರನೇ ಭಾಗದಲ್ಲಿರುತ್ತೆ, 120 ಅಂದ್ರೆ 1.20 ಮಿಮೀ ತೂತು. ಅದನ್ನ 125 ಮಾಡಿದರೆ ತೂತಿನ ವಿಸ್ತೀರ್ಣ ಶೇ 8ಕ್ಕಿಂತ ಹೆಚ್ಚು ಬೆಳೆಯುತ್ತೆ. ನಿಮಗೆ ಬೇಕಿರೋದು ಅದರಲ್ಲಿ ಅರ್ಧ, ಅಂದ್ರೆ 122.5. ಇ20 ಹಳೇ ರಬ್ಬರನ್ನೂ ತಿನ್ನುತ್ತೆ, ಪೈಪು, ಡಯಾಫ್ರಮ್ ಎಲ್ಲಾ ಹೊಸದು ಹಾಕಿಸಿ. ಎಸಿ ಪಂಪಿನ (ಎಂಜಿನ್ನೇ ನಡೆಸೋ ಪೆಟ್ರೋಲ್ ಪಂಪ್) ಡಯಾಫ್ರಮ್ ಹರಿದರೂ ಪೆಟ್ರೋಲು ಸೀದಾ ಸಂಪಿಗೇ ಹೋಗುತ್ತೆ, ನೆನಪಿರಲಿ. ಎಲೆಕ್ಟ್ರಿಕ್ ಪಂಪ್ ಹಾಕಿಸೋದಾದರೆ ಪ್ರೆಷರ್ 3 ಪಿಎಸ್‌ಐ ಆಸುಪಾಸಲ್ಲಿರಲಿ, ಜಾಸ್ತಿಯಾದರೆ ಕಾರ್ಬುರೇಟರಿಗೆ ಬರೋ ಪೆಟ್ರೋಲನ್ನ ನೀಡಲ್ ವಾಲ್ವ್ ತಡೆಯಲ್ಲ.

ಎಂಜಿನ್ ಎಷ್ಟು ಜೋರಾಗಿ ಗಾಳಿ ಎಳೀತಿದೆ ಅಂತ ತೋರಿಸೋ ವ್ಯಾಕ್ಯೂಮ್ ಗೇಜ್ ಒಂದು ಕೊಳ್ಳಿ. ಪುಸ್ತಕದಲ್ಲಿ ಐಡ್ಲಿಂಗಿಗೆ 18ರಿಂದ 20 ಇಂಚು (ಪಾದರಸದ ಮಟ್ಟ) ಅಂತಿರುತ್ತೆ, ಅದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಕಡೆ ಮೂರು ಇಂಚು ಕಳೆದು ಓದಿ, ಮುಳ್ಳು ಅಲ್ಲಾಡದೆ ನಿಂತರೆ ಸಾಕು. ರನ್ನಿಂಗ್ ಇನ್ ಮುಗಿಯೋವರೆಗೆ ಪ್ಲಗ್ ಬಿಚ್ಚಿ ನೋಡ್ತಾ ಇರಿ. ಕಪ್ಪು ಮಸಿ ಕಂಡರೆ ಓಡಿಸೋದು ನಿಲ್ಲಿಸಿ ಮೊದಲು ಆಯಿಲ್ ಬದಲಾಯಿಸಿ, ಜೆಟ್ಟಿಗೆ ಕೈ ಹಾಕೋದು ಆಮೇಲೆ.