ತಿಂಗಳಾದರೂ ಆರದ ನಾಲಿಗೆ ಹುಣ್ಣು: ಇನ್ನೂ 15 ದಿನ ಕಾಯಬಹುದಾ?

ಅಪ್ಪನ ನಾಲಿಗೆಯ ಅಂಚಿನಲ್ಲಿ ಒಂದು ತಿಂಗಳಿಂದ ಹುಣ್ಣಿದೆ, ನೋವೇನಿಲ್ಲ ಎಂದಿದ್ದೀರಿ. ಡಾಕ್ಟರು ವಿಟಮಿನ್ ಮಾತ್ರೆ ಕೊಟ್ಟು ಇನ್ನೂ 15 ದಿನ ನೋಡೋಣ ಅಂದರಂತೆ. ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ, ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ. ಕಾಯೋದಾ, ಬೇಡವಾ ಅನ್ನೋದು ನಿಮ್ಮ ಪ್ರಶ್ನೆ.

ಕಾಯಬೇಡಿ. ನಾನು ಡಾಕ್ಟರ್ ಅಲ್ಲ. ಅದೇ ಜಾಗದಲ್ಲಿ ಅಂಥದ್ದೇ ಹುಣ್ಣು ಇಟ್ಟುಕೊಂಡು 14 ವಾರ ಕಳೆದವನು. ಕೊನೆಗೆ ಅದು ಕ್ಯಾನ್ಸರ್ ಅಂತ ಗೊತ್ತಾಯಿತು.

ಮೊದಲ 4 ವಾರ ನನ್ನದೇ ತಪ್ಪು. ಹಲ್ಲು ತಾಗಿರಬೇಕು ಅಂತ ಸುಮ್ನೆ ಇದ್ದೆ. ಆಮೇಲೆ ಒಬ್ಬರು ವಿಟಮಿನ್ ಮಾತ್ರೆ ಕೊಟ್ಟರು, 2 ವಾರ ಹೋಯಿತು. ದಂತವೈದ್ಯರು ನೋಡಿ, ಚೂಪಾಗಿದ್ದ ದವಡೆ ಹಲ್ಲನ್ನು ಉಜ್ಜಿ ನುಣುಪು ಮಾಡಿ, 2 ವಾರ ಬಿಟ್ಟು ಬನ್ನಿ ಅಂದರು. ಅದು ಸರಿಯಾದ ಮಾತೇ. ನಾನು ಹೋದದ್ದು 4 ವಾರ ಬಿಟ್ಟು. ಅಷ್ಟರಲ್ಲಿ ಅವರು ರಜೆಯಲ್ಲಿದ್ದರು, ಬೇರೆಯವರು ಹಚ್ಚೋಕೆ ಜೆಲ್ ಕೊಟ್ಟರು. ಉರಿ ಕಡಿಮೆಯಾಯಿತು, ವಾಸಿಯಾಗುತ್ತಿದೆ ಅಂತ ಖುಷಿಪಟ್ಟೆ. ಜೆಲ್ ಮರಗಟ್ಟಿಸಿತ್ತು ಅಷ್ಟೇ, ಹುಣ್ಣು ಇದ್ದಲ್ಲೇ ಇತ್ತು. ಹೀಗೆ 3 ವಾರ. ಬಯಾಪ್ಸಿಗೆ ದಿನ ಸಿಗೋಕೆ ಇನ್ನೊಂದು ವಾರ.

ನೋಡಿ, ಇದರಲ್ಲಿ ಯಾರೂ ದೊಡ್ಡ ಎಡವಟ್ಟು ಮಾಡಲಿಲ್ಲ. ಪ್ರತಿಯೊಬ್ಬರೂ ನಾನು ಅವರ ಬಾಗಿಲಿಗೆ ಹೋದ ದಿನದಿಂದ ಎಣಿಸೋಕೆ ಶುರು ಮಾಡಿದರು. ಹುಣ್ಣು ಮೊದಲು ಕಂಡದ್ದು ಯಾವಾಗ ಅಂತ ನಾನೂ ಒತ್ತಿ ಹೇಳಲಿಲ್ಲ. 2 ವಾರ, ಹೆಚ್ಚೆಂದರೆ 3 ವಾರದಲ್ಲಿ ಆರದ ಹುಣ್ಣನ್ನು ಪರೀಕ್ಷೆ ಮಾಡಿಸಬೇಕು ಅನ್ನೋದು ರೂಢಿಯ ನಿಯಮ. ಆ ಎಣಿಕೆ ಶುರುವಾಗಬೇಕಾದದ್ದು ಹುಣ್ಣು ಕಂಡ ದಿನದಿಂದ. ನಿಮ್ಮ ತಂದೆಗೆ ಆ ಗಡುವು ಆಗಲೇ ದಾಟಿದೆ.

ಇನ್ನೊಂದು ವಿಷಯ. ಸಿಗರೇಟು, ತಂಬಾಕು ಇದೆಯಾ ಅಂತ ಎಲ್ಲರೂ ಕೇಳಿದರು. ಇಲ್ಲ ಅಂದೆ. ಅನುಮಾನ ಅಲ್ಲಿಗೇ ಮುಗಿಯಿತು. ತಂಬಾಕು, ಅಡಿಕೆ, ಮದ್ಯ ಅಪಾಯವನ್ನು ಬಹಳ ಹೆಚ್ಚಿಸುತ್ತವೆ, ನಿಜ. ಆದರೆ ಅವನ್ನು ಮುಟ್ಟದವರಿಗೂ ಬಾಯಿಯ ಕ್ಯಾನ್ಸರ್ ಬರುತ್ತದೆ. ನೋವಿಲ್ಲ ಅನ್ನೋದೂ ಸಮಾಧಾನದ ಮಾತಲ್ಲ, ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಅಂಚು ಮುಟ್ಟಿದರೆ ಗಟ್ಟಿ ಅನ್ನಿಸುತ್ತದಾ, ಅಕ್ಕಪಕ್ಕ ಕೆಂಪು ಮಚ್ಚೆ ಇದೆಯಾ ನೋಡಿ. ಬಿಳಿ ಮಚ್ಚೆಗಿಂತ ಕೆಂಪಿಗೆ ಜಾಸ್ತಿ ಹೆದರಬೇಕಂತೆ, ನನಗೆ ಇದು ಗೊತ್ತೇ ಇರಲಿಲ್ಲ.

ಬಯಾಪ್ಸಿಯಿಂದ ಹರಡುತ್ತದೆ ಅನ್ನೋ ಮಾತನ್ನು ತಲೆಯಿಂದ ತೆಗೆದುಬಿಡಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆಯುತ್ತಾರೆ. ನನಗೆ ಒಂದೆರಡು ಹೊಲಿಗೆ ಬಿತ್ತು, ಅಷ್ಟೇ. ಆ ರಿಪೋರ್ಟ್ ಇಲ್ಲದೆ ಚಿಕಿತ್ಸೆ ಶುರುವಾಗೋದೇ ಇಲ್ಲ. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದೂ ಹುಣ್ಣು ಆರದಿದ್ದರೆ, ಮತ್ತೊಮ್ಮೆ ತೆಗೆಯಬೇಕಾ ಅಂತ ಕೇಳಿ.

ತಡದಿಂದ ಏನಾಯಿತು? ಕ್ಯಾನ್ಸರ್ ಅಗಲ 2 ಸೆಂಟಿಮೀಟರ್, ಆಳ 5 ಮಿಲಿಮೀಟರ್ ಒಳಗಿದ್ದು, ಬೇರೆಡೆ ಹರಡಿರದಿದ್ದರೆ ಮೊದಲ ಹಂತ. ನನ್ನದು ಅದಕ್ಕಿಂತ ಆಳಕ್ಕೆ ಇಳಿದಿತ್ತು, ಕುತ್ತಿಗೆಯ ಗಂಟುಗಳಿಗೂ ಹೋಗಿತ್ತು. ಆಪರೇಷನ್ ಜೊತೆಗೆ ರೇಡಿಯೇಷನ್ನೂ ಬೇಕಾಯಿತು. ಅಲ್ಲೂ ಒಂದು ತಡ. ರೇಡಿಯೇಷನ್ ಆದಮೇಲೆ ಹಲ್ಲು ಕಿತ್ತರೆ ದವಡೆ ಮೂಳೆ ಸರಿಯಾಗಿ ವಾಸಿಯಾಗದೇ ಹೋಗಬಹುದು, ಹಾಗಾಗಿ ಹಾಳಾದ ಹಲ್ಲುಗಳನ್ನು ಮೊದಲೇ ತೆಗೆಯುತ್ತಾರೆ. ನನಗೆ ಇದನ್ನು ಹೇಳಿದ್ದು ಆಪರೇಷನ್ ಆದಮೇಲೆ. ಆಪರೇಷನ್ನಿನಿಂದ 6 ವಾರದೊಳಗೆ ರೇಡಿಯೇಷನ್ ಶುರುವಾದರೆ ಒಳ್ಳೆಯದು, ಅದರಲ್ಲಿ 2 ವಾರ ಹಲ್ಲು ಕಿತ್ತ ಗಾಯ ಮಾಗೋಕೇ ಹೋಯಿತು. ಒಂದು ವೇಳೆ ನಿಮಗೂ ಆ ದಾರಿ ಬಂದರೆ, ಹಲ್ಲಿನ ಪರೀಕ್ಷೆಯನ್ನು ಮೊದಲ ವಾರವೇ ಕೇಳಿ.

ನಾಳೆ ಬಾಯಿಯ ಸರ್ಜನ್ ಅಥವಾ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ. ಹುಣ್ಣು ಕಂಡ ತಾರೀಕನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೂತ ತಕ್ಷಣ ಅದನ್ನೇ ಮೊದಲು ಹೇಳಿ. ಸಾಮಾನ್ಯ ಹುಣ್ಣೇ ಆಗಿರಬಹುದು, ಹೆಚ್ಚಿನವು ಹಾಗೇ ಇರುತ್ತವೆ. ವಿಟಮಿನ್ ಮಾತ್ರೆ ಬೇಕಾದರೆ ಜೊತೆಗೆ ನುಂಗಲಿ, ಅದಕ್ಕೇನೂ ಅಡ್ಡಿಯಿಲ್ಲ.