ಸಭೆಯ ದುಡ್ಡು ಬಳಸಿಕೊಂಡ ಅಣ್ಣನನ್ನು ಹೊರಗೆ ಹಾಕಬೇಕಾ, ಮರೆತುಬಿಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಹುಮನಾಬಾದ್ ಕಡೆಯ ನಿಮ್ಮ ಹಳ್ಳಿಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯುವಕರ ಸಂಘದ ಲೆಕ್ಕ ನೋಡುತ್ತಿದ್ದ ಅಣ್ಣ, ಕ್ರಿಸ್ಮಸ್‌ಗೆ ಕೂಡಿಟ್ಟ ದುಡ್ಡನ್ನು ಸ್ವಂತಕ್ಕೆ ಬಳಸಿಕೊಂಡಿದ್ದಾರೆ. ಕೇಳಿದಾಗ ಒಪ್ಪಿಕೊಂಡಿದ್ದಾರೆ. ಹಿರಿಯರಲ್ಲಿ ಕೆಲವರು ಹೊರಗೆ ಹಾಕಿ ಅಂತಾರೆ, ಕೆಲವರು ಕ್ರೈಸ್ತರಾದ ಮೇಲೆ ಮರೆತುಬಿಡಬೇಕು ಅಂತಾರೆ. ಯಾವುದು ಸರಿ ಅಂತ ನಿಮ್ಮ ಪ್ರಶ್ನೆ.

ನಾನು ಪಾಸ್ಟರ್ ಅಲ್ಲ. ಬೀದರಿನ ಒಂದು ಸಭೆಯ ಲೆಕ್ಕದ ಕಮಿಟಿಯಲ್ಲಿ ಇದ್ದೇನೆ, ಅಷ್ಟೇ. ನನಗೆ ಎರಡೂ ಸರಿ ಕಾಣುವುದಿಲ್ಲ. ಎರಡರಲ್ಲೂ ನಮಗೊಂದು ಅನುಕೂಲ ಇದೆ, ನೋಡಿ. ಹೊರಗೆ ಹಾಕಿದರೂ, ಮರೆತುಬಿಟ್ಟರೂ, ಆ ಮನುಷ್ಯನ ಎದುರಿಗೆ ಕೂತು ಮಾತಾಡುವ ಕಷ್ಟ ಯಾರಿಗೂ ಇಲ್ಲ.

ಮೊದಲು ಮರೆತುಬಿಡೋಣ ಅನ್ನುವವರ ಮಾತು. ಆ ದುಡ್ಡು ಯಾರದ್ದು? ಕೂಲಿಯಿಂದ ಬಂದು ಹತ್ತು ರೂಪಾಯಿ ತೆಗೆದಿಟ್ಟ ಅಮ್ಮಂದಿರದ್ದೂ ಅದರಲ್ಲಿ ಇರುತ್ತದೆ. ಅವರನ್ನು ಒಂದು ಮಾತೂ ಕೇಳದೆ ಹಿರಿಯರು ‘ಬಿಟ್ಟೆವು’ ಅಂದರೆ, ಅದು ಇನ್ನೊಬ್ಬರ ಜೇಬಿನಿಂದ ತೋರಿಸಿದ ಕರುಣೆ. ಮೋಶೆಯ ಕಾಲದ ಕಟ್ಟಳೆಯಲ್ಲೇ (ಬೈಬಲಿನ ಅರಣ್ಯಕಾಂಡ 5) ತಪ್ಪು ಮಾಡಿದವನು ಅರಿಕೆ ಮಾಡಬೇಕು, ಪೂರ್ತಿ ಹಿಂದಕ್ಕೆ ಕೊಡಬೇಕು, ಮೇಲೆ ಐದನೇ ಒಂದು ಭಾಗ ಸೇರಿಸಬೇಕು ಅಂತಿದೆ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಂತೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅದೂ ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳಲು ಬಂದ ಮೇಲೆ. ಲೆಕ್ಕ ಚುಕ್ತಾ ಮಾಡಿ ಬಾ, ಆಮೇಲೆ ಊಟಕ್ಕೆ ಬರ್ತೀನಿ ಅಂತ ಯೇಸು ಅನ್ನಲಿಲ್ಲ.

ನೀವು ಐದನೇ ಭಾಗ, ನಾಲ್ಕರಷ್ಟು ಏನೂ ಕೇಳಬೇಡಿ. ಅಸಲು ಸಾಕು. ಅದನ್ನೂ ಕಂತು ಮಾಡಿ. ಸೋಯಾ ರಾಶಿ ಆದಾಗ ಇಷ್ಟು, ತೊಗರಿ ಬಂದಾಗ ಇಷ್ಟು ಅಂತ ಹಾಳೆಯಲ್ಲಿ ಬರೆದು ಅವರಿಂದ ಸಹಿ ಹಾಕಿಸಿ. ಕೊಟ್ಟಾಗಲೆಲ್ಲ ರಸೀದಿ ಕೊಡಿ. ಬರೆದಿಟ್ಟರೆ ಅವಮಾನ ಅಂತ ಅನ್ನಿಸಬಹುದು. ಆದರೆ ನಾಳೆ ಯಾರಾದರೂ ‘ಇವನು ಇನ್ನೂ ಕೊಟ್ಟಿಲ್ಲ’ ಅಂದರೆ ಅವರನ್ನು ಕಾಯುವುದೂ ಅದೇ ಹಾಳೆ.

ಈಗ ಹೊರಗೆ ಹಾಕಿ ಅನ್ನುವವರು. ಬೆಂಗಳೂರಿನಲ್ಲಿ ಒಬ್ಬರನ್ನು ಸಭೆಯಿಂದ ದೂರ ಇಟ್ಟರೆ ಅವರು ಮುಂದಿನ ರಸ್ತೆಯ ಸಭೆಗೆ ಹೋಗುತ್ತಾರೆ. ನಮ್ಮ ಕಡೆ ಹಾಗಲ್ಲ ಅಲ್ವಾ? ಬಹಳ ಹಳ್ಳಿಗಳಲ್ಲಿ ಸಭೆ ಅಂದರೆ ಒಂದೇ ಓಣಿ. ಕಾಕಾ, ಮಾವ, ಅತ್ತೆ, ಬೀಗರು, ಎಲ್ಲರೂ ಭಾನುವಾರ ಒಂದೇ ಜಮಖಾನದ ಮೇಲೆ ಕೂತವರು. ಆರಾಧನೆಗೆ ಬರಬೇಡ ಅಂದರೆ ಮದುವೆಗೆ ಬರಬೇಡ, ಮಣ್ಣಿಗೆ ಬರಬೇಡ ಅಂದಹಾಗೆಯೇ. ಅವರ ಹೆಂಡತಿ ನಳದ ಹತ್ತಿರ ಕೊಡ ಹಿಡಿದು ನಿಂತಾಗ ಮಾತು ನಿಂತುಹೋಗುತ್ತದೆ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಕಿವಿಗೂ ಯಾರೋ ಊದಿರುತ್ತಾರೆ. ತಪ್ಪು ಮಾಡಿದ್ದು ಒಬ್ಬರು, ದಂಡ ಇಡೀ ಮನೆಗೆ. ಹೀಗಾದ ಮನೆಗಳು ಸುಮ್ನೆ ಬೀಗ ಹಾಕಿ ಹೈದರಾಬಾದ್ ಬಸ್ ಹತ್ತಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ದುಡ್ಡೂ ಬರಲಿಲ್ಲ, ಮನುಷ್ಯರೂ ಬರಲಿಲ್ಲ.

ಕೊರಿಂಥದ ಸಭೆಗೆ ಅಪೊಸ್ತಲ ಪೌಲನು ಎರಡನೆಯ ಪತ್ರದಲ್ಲಿ ಬರೆದದ್ದು ಇದನ್ನೇ. ಅಂಥವನಿಗೆ ನಿಮ್ಮಲ್ಲಿ ಹೆಚ್ಚಿನವರು ಕೊಟ್ಟ ಶಿಕ್ಷೆ ಸಾಕು, ಈಗ ಕ್ಷಮಿಸಿ, ಸಮಾಧಾನ ಹೇಳಿ, ಇಲ್ಲದಿದ್ದರೆ ದುಃಖ ಅವನನ್ನು ನುಂಗಿಬಿಡುತ್ತದೆ ಅನ್ನುತ್ತಾನೆ. ಶಿಕ್ಷೆಯೇ ಬೇಡ ಅನ್ನಲಿಲ್ಲ. ಸಾಕು ಅಂದ. ನಮ್ಮಲ್ಲಿ ಶಿಕ್ಷೆ ಶುರು ಮಾಡಲು ಹತ್ತು ಜನ ಸಿಗುತ್ತಾರೆ, ಸಾಕು ಅನ್ನಲು ಒಬ್ಬರೂ ಸಿಗುವುದಿಲ್ಲ.

ನೀವೂ ಮೆಥೊಡಿಸ್ಟರು ಅಂತ ಬರೆದಿದ್ದೀರಿ. ಹಾಗಾದರೆ ನಮ್ಮ ಪಂಗಡದ್ದೇ ಒಂದು ಸಂಗತಿ ಹೇಳುತ್ತೇನೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥೊಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯವರ ಜನರ ತಲೆ ಮೇಲೆ ಆರಾಧನೆಯ ಕಟ್ಟಡದ ಸಾಲ ಇತ್ತು. ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡಲಿ ಅಂತ ಒಬ್ಬರು ಹೇಳಿದರು. ಬಡವರಿಂದ ಆಗುವುದಿಲ್ಲ ಅಂತ ಮಾತು ಬಂತು. ಹಾಗಾದರೆ ಹನ್ನೊಂದು ಜನ ಕಡುಬಡವರನ್ನು ನನಗೆ ಒಪ್ಪಿಸಿ, ಅವರಿಂದ ಆಗದಿದ್ದರೆ ಅವರ ಪಾಲು ನಾನೇ ಹಾಕುತ್ತೇನೆ ಅಂದರು ಪೆನ್ನಿಯ ಮಾತು ತೆಗೆದವರು. ಹೀಗೆ ವಾರವಾರ ಮನೆಮನೆಗೆ ಹೋದವರ ಕಣ್ಣಿಗೆ ಬೇರೆ ವಿಷಯಗಳೂ ಬಿದ್ದವು. ಒಂದು ಮನೆಯಲ್ಲಿ ಗಂಡ ಹೆಂಡತಿ ಜೊತೆ ಜಗಳ ಆಡುತ್ತಿದ್ದ, ಇನ್ನೊಂದು ಕಡೆ ಒಬ್ಬ ಕುಡಿದಿದ್ದ. ಜನರನ್ನು ಹತ್ತಿರದಿಂದ ನೋಡಿಕೊಳ್ಳಲು ವೆಸ್ಲಿಯವರು ಹುಡುಕುತ್ತಿದ್ದ ದಾರಿ ಅದರಲ್ಲೇ ಕಂಡಿತು. ಸಣ್ಣ ಗುಂಪಾಗಿ ವಾರವಾರ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಮೆಥೊಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹಾಗೆ. ತಿದ್ದಿಕೊಳ್ಳದವರನ್ನು ವೆಸ್ಲಿ ಹೊರಗಿಟ್ಟದ್ದೂ ಉಂಟು. ಆದರೆ ಅದಕ್ಕೆ ಮೊದಲು ಯಾರಾದರೂ ಅವರ ಹೊಸ್ತಿಲು ತುಳಿದಿರುತ್ತಿದ್ದರು.

ನಿಮ್ಮ ಸಭೆಯಲ್ಲಿ ಆ ಅಣ್ಣನ ಮನೆಗೆ ಯಾರಾದರೂ ಹೋಗಿದ್ದಾರಾ? ನೀವು ಬರೆದದ್ದು ನೋಡಿದರೆ ಇಲ್ಲ ಅನ್ನಿಸುತ್ತದೆ. ಎಲ್ಲ ಮಾತೂ ವಾಟ್ಸಾಪ್ ಗ್ರೂಪಿನಲ್ಲೇ ನಡೆದಿದೆ. ಮತ್ತಾಯನ ಸುವಾರ್ತೆ 18ರಲ್ಲಿ ಮೊದಲು ಒಬ್ಬನೇ ಹೋಗಿ ಮಾತಾಡು, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಸಭೆಗೆ ಹೇಳುವುದು ಕೊನೆಗೆ ಅಂತಿದೆ. ನಾವು ಕೊನೆಯದನ್ನೇ ಮೊದಲು ಮಾಡುತ್ತೇವೆ. ಆ ಗ್ರೂಪಿನಲ್ಲಿ ಈ ಮಾತು ಇವತ್ತೇ ನಿಲ್ಲಿಸಿ.

ಹೋಗುವವರು ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾಗಿರಲಿ, ಅವರ ಜೊತೆ ಹೊಲದ್ದೋ ಮನೆದ್ದೋ ಹಳೇ ಜಗಳ ಇಲ್ಲದವರಾಗಿರಲಿ. ದುಡ್ಡು ಯಾಕೆ ಬೇಕಾಯಿತು ಅಂತ ಕೇಳಲಿ. ಆಸ್ಪತ್ರೆಗೆ ಹೋಗಿದ್ದರೆ ಒಂದು ಮಾತು. ಮಟಕಾಗೋ ಫೋನಿನ ಜೂಜಿಗೋ ಹೋಗಿದ್ದರೆ ಬರೀ ಪ್ರಾರ್ಥನೆ ಮಾಡಿ ಎದ್ದು ಬಂದರೆ ಆಗುವುದಿಲ್ಲ. ಮನೆಯ ದುಡ್ಡು ಸ್ವಲ್ಪ ದಿನ ಹೆಂಡತಿ ಕೈಯಲ್ಲಿರಲಿ, ಕುಡಿತ ಇದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿ.

ಲೆಕ್ಕದ ಕೆಲಸ ಮತ್ತೆ ಕೊಡಬೇಕಾ? ಕೊಡಬೇಡಿ. ಶಿಷ್ಯ ಪೇತ್ರ ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಲ್ಲಗಳೆದರೂ ಯೇಸು ಅವನಿಗೆ ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಒಪ್ಪಿಸಲಿಲ್ಲವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಕಮಿಟಿಯಲ್ಲೂ ಕೇಳಿದ್ದರು. ಪೇತ್ರ ಎಡವಿದ್ದು ಹೆದರಿಕೆಯಿಂದ, ದುಡ್ಡಿನಲ್ಲಿ ಅಲ್ಲ. ಎಡವಿದ ಜಾಗಕ್ಕೇ ಮತ್ತೆ ತಂದು ನಿಲ್ಲಿಸುವುದು ಆ ಅಣ್ಣನಿಗೂ ಒಳ್ಳೆಯದಲ್ಲ. ಹಾಡಲಿ, ಕ್ರಿಸ್ಮಸ್‌ಗೆ ಪೆಂಡಾಲ್ ಹಾಕಲಿ, ಅಡುಗೆಗೆ ನಿಲ್ಲಲಿ. ಇನ್ನು ಮುಂದೆ ಯಾರೇ ಖಜಾಂಚಿ ಆದರೂ ದುಡ್ಡು ಬ್ಯಾಂಕಿನಲ್ಲಿ ಇಬ್ಬರ ಸಹಿಯ ಖಾತೆಯಲ್ಲಿರಲಿ. ಒಬ್ಬರ ಮನೆಯ ಟ್ರಂಕಿನಲ್ಲಿ ದುಡ್ಡು ಇಟ್ಟದ್ದು ನಿಮ್ಮ ಸಭೆಯ ತಪ್ಪೂ ಹೌದು.

ಇಷ್ಟೆಲ್ಲ ಹೇಳಿದ್ದು ದುಡ್ಡಿನ ತಪ್ಪಿಗೆ ಮಾತ್ರ. ಯಾರಾದರೂ ಮಗುವಿನ ಮೈ ಮುಟ್ಟಿದ್ದರೆ ಸಭೆಯೊಳಗೆ ರಾಜಿ ಮಾಡುವ ಹಕ್ಕು ಯಾವ ಹಿರಿಯರಿಗೂ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು.

ಆ ಅಣ್ಣನಿಗೆ ಕರ್ತನ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಕೊಡಬೇಕಾ ಬೇಡವಾ ಅಂತಲೂ ಕೇಳಿದ್ದೀರಿ. ಅದನ್ನು ನಾನಾಗಲಿ ನಿಮ್ಮ ಯುವಕರ ಸಂಘವಾಗಲಿ ತೀರ್ಮಾನ ಮಾಡುವುದು ಬೇಡ. ನಿಮ್ಮ ಪಾಸ್ಟರ್ ಅವರ ಜೊತೆ ಮಾತಾಡಿ ಹೇಳಲಿ. ಪಾಸ್ಟರ್‌ಗೆ ನಾಲ್ಕಾರು ಹಳ್ಳಿ ನೋಡುವ ಕೆಲಸ ಇದ್ದರೆ ಭಾನುವಾರದ ತನಕ ಕಾಯಬೇಡಿ, ಇವತ್ತೇ ಫೋನ್ ಮಾಡಿ.