ಹೊಟ್ಟೆ ಒಳಗೆಳ್ಕೊಂಡು ಬರ್ಲೆಸ್ಕ್ ಮಾಡೋಕಾಗಲ್ಲ

ಪ್ರಶ್ನೆ: ಮೇಡಂ, ನನಗೆ 34 ವರ್ಷ, ತೂಕ ನೂರು ಕೆಜಿ ದಾಟಿದೆ. ಬರ್ಲೆಸ್ಕ್ ಕ್ಲಾಸಿಗೆ ಹೋಗ್ತಾ ಇದ್ದೀನಿ. ಕ್ಲಾಸಲ್ಲಿ ಲೆಗ್ಗಿಂಗ್ಸ್, ಟಿ ಶರ್ಟ್ ಇರುತ್ತಲ್ಲ, ಏನೂ ಅನ್ಸಲ್ಲ, ಆರಾಮಾಗಿ ಕುಣೀತೀನಿ. ಇನ್ನೆರಡು ತಿಂಗಳಿಗೆ ನನ್ನ ಮೊದಲ ಸೋಲೋ. ಮೊನ್ನೆ ಟೀಚರ್ ಕಾಸ್ಟ್ಯೂಮ್ ಹಾಕಿಸಿ ವಿಡಿಯೋ ತೆಗೆದ್ರು, ಅದನ್ನ ನೋಡಿದಾಗಿಂದ ನಿದ್ದೆ ಬರ್ತಿಲ್ಲ. ಹೊಟ್ಟೆ ಮಡಿಕೆ, ತೋಳು ಅಲ್ಲಾಡೋದು, ಇದೇ ಕಣ್ಣ ಮುಂದೆ. ಶೋ ಮುಂದಕ್ಕೆ ಹಾಕಿ ಮೊದಲು ತೂಕ ಇಳಿಸ್ಲಾ? ಎಲ್ರೂ ನಿನ್ನ ಮೈನ ನೀನು ಪ್ರೀತಿಸು ಅಂತಾರೆ, ಹೇಗೆ ಅಂತ ಒಬ್ರೂ ಹೇಳಲ್ಲ.

ಉತ್ತರ: ಶೋ ಮುಂದಕ್ಕೆ ಹಾಕ್ಬೇಡಿ. ಮೈನ ಪ್ರೀತಿಸೋ ಕೆಲಸಾನೂ ಸದ್ಯಕ್ಕೆ ಪಕ್ಕಕ್ಕಿಡಿ, ಎರಡು ತಿಂಗಳಲ್ಲಿ ಆಗೋ ಕೆಲಸ ಅಲ್ಲ ಅದು, ಅದಕ್ಕೋಸ್ಕರ ಕಾಯ್ಕೊಂಡು ಕೂತ್ರೆ ಯಾರೂ ಯಾವತ್ತೂ ಸ್ಟೇಜ್ ಹತ್ತಲ್ಲ. ಸೈಜ್ ಆರು ಹಾಕೋ ತೆಳ್ಳನೆ ಹುಡುಗೀರೂ ಗ್ರೀನ್ ರೂಮಲ್ಲಿ ತೊಡೆ ಹಿಡ್ಕೊಂಡು ಗೊಣಗೋದನ್ನ ಎಷ್ಟು ಸಲ ನೋಡಿದ್ದೀನೋ.

ಗೊತ್ತಿಲ್ಲದವರಿಗೆ ಒಂದು ಮಾತು: ಬರ್ಲೆಸ್ಕ್ ಅಂದ್ರೆ ಒಂದೊಂದೇ ಬಟ್ಟೆ ತೆಗೀತಾ, ನಗಿಸ್ತಾ, ಕೆಣಕ್ತಾ, ನೋಡೋರನ್ನ ಕಾಯಿಸ್ತಾ ಮಾಡೋ ಸ್ಟೇಜ್ ಕಲೆ. ಇದರಲ್ಲಿ ಕಾಯಿಸೋದೇ ಮುಖ್ಯ. 1933ರ ಶಿಕಾಗೋ ವರ್ಲ್ಡ್ ಫೇರ್‌ನಲ್ಲಿ ಸ್ಯಾಲಿ ರ‍್ಯಾಂಡ್ ಎರಡು ದೊಡ್ಡ ಆಸ್ಟ್ರಿಚ್ ಗರಿ ಬೀಸಣಿಗೆ ಹಿಡ್ಕೊಂಡು ಕುಣಿದು ಊರೆಲ್ಲಾ ಸುದ್ದಿಯಾದ್ರು, ಆ ಡ್ಯಾನ್ಸಿನ ಮಜಾ ಇದ್ದಿದ್ದೇ ಬೀಸಣಿಗೆ ಎಷ್ಟನ್ನ ಮುಚ್ಚುತ್ತೆ ಅನ್ನೋದರಲ್ಲಿ. ಜಿಪ್ಸಿ ರೋಸ್ ಲೀ ಅಂತೂ ತೆಗೆಯೋದು ಕಮ್ಮಿ, ಮಾತಾಡೋದು ಜಾಸ್ತಿ, ಹಾಗೇ ದೊಡ್ಡ ಸ್ಟಾರ್ ಆದವರು. ಯಾವಾಗ ಏನು ಕಾಣ್ಬೇಕು, ಎಷ್ಟು ಹೊತ್ತು ಕಾಣ್ಬೇಕು ಅಂತ ತೀರ್ಮಾನ ಮಾಡೋದು ಸ್ಟೇಜ್ ಮೇಲಿರೋಳು. ನಿಮ್ಮ ಹೊಟ್ಟೆ ಕಾಣೋದು ನಿಮಗೆ ಭಯ ಅಂದ್ರೆ ಅದನ್ನ ಯಾವ ಬೀಟ್‌ಗೆ, ಯಾವ ಮುಖ ಮಾಡ್ಕೊಂಡು ತೋರಿಸ್ತೀರ ಅಂತ ನೀವೇ ಕೊರಿಯೋಗ್ರಫಿಯಲ್ಲಿ ಬರೀರಿ. ಕಾರ್ಸೆಟ್ (ಲಾಡಿ ಎಳೆದು ಸೊಂಟ ಬಿಗಿಯೋ ಉಡುಪು) ಬಿಚ್ಚಿದ್ಮೇಲೆ ಹೊಟ್ಟೆ ತಾನಾಗೇ ಕಂಡುಬಿಡೋದು ಬೇರೆ, ಎಂಟು ಎಣಿಸೋವರೆಗೂ ಬೆನ್ನು ತೋರಿಸಿ ನಿಂತು, ಆಮೇಲೆ ತಿರುಗಿ ಕೈನ ಹೊಟ್ಟೆ ಮೇಲಿಟ್ಟು, ಹೂಂ ನೋಡ್ಕೊಳ್ಳಿ ಅಂತ ನೀವು ತೋರಿಸೋದು ಬೇರೆ. ಹೊಟ್ಟೆ ಎರಡು ಕಡೆನೂ ಅದೇ, ಆದ್ರೆ ಎರಡನೇದರಲ್ಲಿ ಹಾಲ್ ಚಪ್ಪಾಳೆ ಹೊಡೆಯುತ್ತೆ.

ಈಗ ವಿಡಿಯೋ ವಿಷಯ. 1998ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಅವರ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದ್ರು. ಒಂದಷ್ಟು ಜನಕ್ಕೆ ಈಜುಡುಗೆ, ಇನ್ನೊಂದಷ್ಟು ಜನಕ್ಕೆ ಸ್ವೆಟರ್ ಹಾಕಿಸಿ, ಕನ್ನಡಿ ಇರೋ ರೂಮಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಲೆಕ್ಕದ ಪರೀಕ್ಷೆ ಕೊಟ್ರು. ನೋಡೋಕೆ ಯಾರೂ ಇರ್ಲಿಲ್ಲ, ಆದ್ರೂ ಈಜುಡುಗೆಯಲ್ಲಿದ್ದ ಹೆಂಗಸರಿಗೆ ಲೆಕ್ಕದಲ್ಲಿ ಮಾರ್ಕ್ಸ್ ಕಮ್ಮಿ ಬಂತು. ನಾನು ಹೇಗೆ ಕಾಣ್ತಿದ್ದೀನಿ ಅಂತ ತಲೆಯ ಅರ್ಧ ಭಾಗ ಕಾವಲು ಕೂತ್ರೆ ಉಳಿದ ಅರ್ಧದಲ್ಲಿ ಕೆಲಸ ಆಗ್ಬೇಕಲ್ಲ. ನಿಮಗೂ ಸ್ಟೇಜಲ್ಲಿ ಆಗೋದು ಇದೇ, ಹೊಟ್ಟೆನ ಒಳಗೆ ಎಳ್ಕೊಂಡು ಹಿಡಿಯೋಕೆ ಶುರು ಮಾಡಿದ ಕೂಡ್ಲೇ ಉಸಿರು ಮೇಲೆ ಮೇಲೆ ಆಗುತ್ತೆ, ಭುಜ ಕಿವಿ ಹತ್ರ ಬರುತ್ತೆ, ಮುಖ ಬಿಗಿಯುತ್ತೆ, ಸ್ಟೆಪ್ ಮರೆಯುತ್ತೆ. ಮೂರನೇ ಸಾಲಲ್ಲಿ ಕೂತಿರೋನಿಗೆ ನಿಮ್ಮ ಮಡಿಕೆಗಿಂತ ಮೊದಲು ಆ ಬಿಗಿದ ಮುಖ ಕಾಣುತ್ತೆ, ಅದು ಗ್ಯಾರಂಟಿ.

ಅದಕ್ಕೆ ವಿಡಿಯೋನ ಹೀಗೆ ನೋಡಿ. ಮೊದಲ ಸಲ ಕೈ ಮಾತ್ರ, ಬೆರಳ ತುದಿವರೆಗೂ ಎನರ್ಜಿ ಹೋಗ್ತಿದ್ಯಾ ಇಲ್ವಾ. ಇನ್ನೊಂದ್ಸಲ ಕಣ್ಣು ಮಾತ್ರ, ಎಲ್ಲಿ ನೆಲ ನೋಡಿದ್ರಿ, ಎಲ್ಲಿ ಎದುರಿನವರನ್ನ ನೋಡಿದ್ರಿ. ಆಮೇಲೆ ಮ್ಯೂಸಿಕ್ ಜೊತೆ ಟೈಮಿಂಗ್. ಕೊನೆಗೆ ಇಡೀ ಮೈ, ಆದ್ರೆ ಒಂದು ಕಂಡಿಷನ್: ಕಂಡದ್ದನ್ನ ಕಂಡ ಹಾಗೆ ಜೋರಾಗಿ ಹೇಳ್ಬೇಕು. ಹೊಟ್ಟೆ ದುಂಡಗಿದೆ, ತಿರುಗುವಾಗ ಬೀಟ್ ಆದ್ಮೇಲೆ ಸ್ವಲ್ಪ ಅಲ್ಲಾಡುತ್ತೆ, ಬೆಳಕು ಎಡಗಡೆಯಿಂದ ಬೀಳ್ತಿದೆ, ಹೀಗೆ. ಛೀ, ಅಸಹ್ಯ, ಪರವಾಗಿಲ್ಲ, ಚೆನ್ನಾಗಿದೆ, ಇವ್ಯಾವೂ ಬೇಡ, ಹೊಗಳೋದೂ ಬೇಡ. ಬೈಯ್ದೆ ಹೊಗಳ್ದೆ ಸುಮ್ನೆ ವರ್ಣನೆ ಮಾಡೋ ಈ ಕ್ರಮಾನ ಥೆರಪಿಸ್ಟ್‌ಗಳು ಕನ್ನಡಿ ಮುಂದೆ ಮಾಡಿಸ್ತಾರೆ. ಒಂದು ಎಚ್ಚರಿಕೆ: ಊಟ ಬಿಡೋದು, ತಿಂದಿದ್ದನ್ನ ವಾಂತಿ ಮಾಡೋದು, ದಿನಕ್ಕೆ ಹತ್ತಾರು ಸಲ ತೂಕ ನೋಡೋದು, ಇಂಥದ್ದು ಹಿಂದೆ ಇದ್ದಿದ್ರೆ ಅಥವಾ ಈಗ ಶುರುವಾಗಿದ್ರೆ ಒಬ್ರೇ ಮಾಡ್ಬೇಡಿ, ಸೈಕಾಲಜಿಸ್ಟ್ ಜೊತೆ ಮಾಡಿ. ತೂಕದ ಬಗ್ಗೆ ನಿಮಗೆ ಆರೋಗ್ಯದ ಕಾರಣ ಏನಾದ್ರೂ ಇದ್ರೆ ಅದು ನೀವು ಮತ್ತೆ ನಿಮ್ಮ ಡಾಕ್ಟರ್ ಮಾತಾಡ್ಕೊಳ್ಳೋ ವಿಷಯ, ಅದಕ್ಕೂ ಶೋ ಡೇಟ್‌ಗೂ ಗಂಟು ಹಾಕ್ಬೇಡಿ. ಎರಡು ತಿಂಗಳು ಅರೆಹೊಟ್ಟೆಯಲ್ಲಿ ರಿಹರ್ಸಲ್ ಮಾಡಿ ತಲೆ ಸುತ್ತಿ ಬಿದ್ರೆ ಯಾರಿಗೆ ಲಾಭ, ಮೇಲಾಗಿ ಮೈ ಅಳತೆ ಬದಲಾದ್ರೆ ಹೊಲಿಸಿದ ಕಾಸ್ಟ್ಯೂಮ್ ಸೊಂಟದಲ್ಲಿ ನಿಲ್ಲಲ್ಲ.

ಕಾಸ್ಟ್ಯೂಮ್ ಅಂದೆನಲ್ಲ, ನನ್ನ ಕೇಳಿದ್ರೆ ದಪ್ಪ ಪರ್ಫಾರ್ಮರ್‌ಗಳ ಅರ್ಧ ಭಯ ಮೈದಲ್ಲ, ಕಾಸ್ಟ್ಯೂಮಿಂದು. ಬಿಚ್ಚಲ್ವೇನೋ, ಜಾರುತ್ತೇನೋ, ಕುರ್ಚಿ ಮುರಿಯುತ್ತೇನೋ. ಇವಕ್ಕೆಲ್ಲಾ ಪರಿಹಾರ ಇದೆ, ಪುಣ್ಯಕ್ಕೆ. ಸ್ಟೀಲ್ ಬೋನ್ (ಒಳಗೆ ಹೊಲಿದ ಉಕ್ಕಿನ ಪಟ್ಟಿ) ಇರೋ ಕಾರ್ಸೆಟ್ ಆದ್ರೆ ಸ್ಟೇಜಿಗೆ ಅಂತ ಜಾಸ್ತಿ ಬಿಗೀಬೇಡಿ. ಬಿಗಿದಷ್ಟೂ ಉಸಿರು ಮೇಲುಮೇಲಕ್ಕೆ, ಆ ಉಸಿರಿನ ಅನುಭವ ಗಾಬರಿ ಥರಾನೇ ಇರುತ್ತೆ, ಆಮೇಲೆ ನನಗೆ ಧೈರ್ಯ ಇಲ್ಲ ಅಂತ ಮೈಮೇಲೆ ತಪ್ಪು ಹೊರಿಸ್ತೀವಿ, ನಿಜವಾಗಿ ತಪ್ಪು ಲಾಡಿದು. ಮುಂದಿನ ಬಸ್ಕ್ (ಕಾರ್ಸೆಟ್ ಮುಂಭಾಗದ ಹುಕ್ ಪಟ್ಟಿ) ತೆಗೆಯೋ ಮುಂಚೆ ಹಿಂದಿನ ಲಾಡಿ ಸಡಿಲ ಮಾಡ್ಬೇಕು, ಅದನ್ನೂ ಬೆನ್ನು ತಿರುಗಿಸಿ ನಿಧಾನಕ್ಕೆ ಆ್ಯಕ್ಟ್ ಒಳಗೇ ಸೇರಿಸ್ಕೊಳ್ಳಿ. ತೊಡೆ ಮೇಲೆ ತಾನೇ ನಿಲ್ಲುತ್ತೆ ಅನ್ನೋ ಸಿಲಿಕಾನ್ ಪಟ್ಟಿ ಸ್ಟಾಕಿಂಗ್ಸ್ ದಪ್ಪ ತೊಡೆಯಲ್ಲಿ ಸುರುಳಿ ಸುತ್ಕೊಂಡು ಕೆಳಗೆ ಬರೋದೇ ಜಾಸ್ತಿ, ಅಗಲ ಪಟ್ಟಿಯ, ಮೆಟಲ್ ಕ್ಲಿಪ್ಪಿನ, ಒಟ್ಟು ಆರು ಕ್ಲಿಪ್ ಇರೋ ಸಸ್ಪೆಂಡರ್ ಬೆಲ್ಟ್ (ಸೊಂಟಕ್ಕೆ ಹಾಕಿ ಸ್ಟಾಕಿಂಗ್ಸ್ ಹಿಡಿದಿಡೋ ಬೆಲ್ಟ್) ತಗೊಳ್ಳಿ. ಬ್ರಾ ಹುಕ್ ಸಣ್ಣದಾಗಿದ್ರೆ ಬೆವರು ಕೈಗೆ ಸಿಗಲ್ಲ, ದೊಡ್ಡ ಹುಕ್ ಹಾಕಿಸಿ, ಗ್ಲೌಸ್ ಹಾಕ್ಕೊಂಡೇ ಕಣ್ಮುಚ್ಚಿ ಬಿಚ್ಚೋದನ್ನ ಟಿವಿ ನೋಡ್ತಾ ಕೂತಾಗಲೂ ಪ್ರಾಕ್ಟೀಸ್ ಮಾಡಿ. ಪೇಸ್ಟಿಸ್ (ಮೊಲೆತೊಟ್ಟು ಮುಚ್ಚೋ ಅಲಂಕಾರದ ಮುಚ್ಚಳ) ಅಂಟಿಸೋ ದಿನ ಎದೆಗೆ ಎಣ್ಣೆ, ಲೋಷನ್ ಹಚ್ಬೇಡಿ, ಅಂಟು ಹಿಡಿಯಲ್ಲ, ಆ ಟೇಪು ಚರ್ಮಕ್ಕೆ ಆಗುತ್ತಾ ಅಂತ ಮೊದಲೇ ಒಂದು ಚೂರು ಅಂಟಿಸಿ ನೋಡಿ. ತೊಡೆ ಉಜ್ಜೋ ಕಡೆ ಆ್ಯಂಟಿ ಚೇಫಿಂಗ್ ಬಾಮ್, ಆದ್ರೆ ಅದು ಸ್ಟಾಕಿಂಗ್ಸ್ ತುದಿಗೆ ತಾಗ್ಬಾರದು. ಕುರ್ಚಿ ಇದ್ರೆ ಕೈ ಇಲ್ಲದ ಗಟ್ಟಿ ಕುರ್ಚಿ, ಶೋ ದಿನ ಬೇಗ ಹೋಗಿ ಅದರ ಮೇಲೆ ನೀವೇ ಧಪ್ ಅಂತ ಕೂತು ನೋಡಿ. ನೆಲದ ಮೇಲೆ ಮಲಗೋ ಮೂವ್ ಇದ್ರೆ ಏಳೋದನ್ನೂ ಕೊರಿಯೋಗ್ರಫಿ ಮಾಡಿ, ಏಳುವಾಗ ಒದ್ದಾಡಿದ್ರೆ ಹೊಸಬರ ಧೈರ್ಯ ಎಲ್ಲಾ ಅಲ್ಲೇ ಸೋರಿ ಹೋಗುತ್ತೆ. ಬೀಸಣಿಗೆ ಹಿಡಿಯೋದಾದ್ರೆ ನಿಮ್ಮ ಮೈಗೆ ತಕ್ಕ ದೊಡ್ಡದು, ಚಿಕ್ಕ ಬೀಸಣಿಗೆ ಹಿಡ್ಕೊಂಡು ಮುಚ್ಚೋಕೆ ಪರದಾಡೋದು ಆನೆಗೆ ಕರ್ಚೀಫ್ ಹೊದಿಸಿದ ಹಾಗೆ (ಆನೆ ಅಂದಿದ್ದಕ್ಕೆ ಬೇಜಾರಾಗ್ಬೇಡಿ, ನಾನೂ ಅದೇ ಸೈಜು).

ಅಲ್ಲಾಡೋ ತೋಳಿನ ಬಗ್ಗೆ ಕೇಳಿದ್ರಿ. ಶಿಮ್ಮಿ ಅನ್ನೋ ಮೂವ್ ಇರೋದೇ ಮೈ ಅಲ್ಲಾಡಿಸೋಕೆ. ನೀವು ನಿಲ್ಸಿದ ಮೇಲೂ ಮೈ ಇನ್ನೊಂದು ಬೀಟ್ ಆಡುತ್ತೆ, ಅದು ಹಿಂದಿನ ಸಾಲಿಗೂ ಕಾಣುತ್ತೆ, ತೆಳ್ಳಗಿರೋರು ಅಷ್ಟು ಕಾಣಿಸೋಕೆ ಮಣಿ, ಫ್ರಿಂಜ್ (ಜೋಲಾಡೋ ಕುಚ್ಚು) ಎಲ್ಲಾ ಹೊಲಿಸ್ಕೋತಾರೆ. ಹಾಗಾಗಿ ಟಕ್ ಅಂತ ನಿಲ್ಸಿ, ಆ ಒಂದು ಬೀಟ್ ಮುಗಿಯೋವರೆಗೂ ಕಾದು, ಆಮೇಲೆ ಹುಬ್ಬು ಎತ್ತಿ.

ಪ್ರಶ್ನೆ: ನಾನು ಸ್ವಲ್ಪ ಕಾಲದಿಂದ ಶೋ ಮಾಡ್ತಿದ್ದೀನಿ, ಪ್ಲಸ್ ಸೈಜ್. ನಮ್ಮ ಗ್ರೂಪಲ್ಲಿ ಗ್ಲಾಮರ್ ನಂಬರ್ (ಅಂದ್ರೆ ಐಟಂ) ಎಲ್ಲಾ ತೆಳ್ಳಗಿರೋರಿಗೆ, ಕಾಮಿಡಿ ಮಾತ್ರ ನನಗೆ. ಕೇಕ್ ತಿನ್ನೋದು, ಬೀಳೋದು, ಇಂಥದ್ದೇ. ಜನ ನಗ್ತಾರೆ, ನನಗೂ ಖುಷಿನೇ, ಆದ್ರೆ ಮನೆಗೆ ಬಂದ್ಮೇಲೆ ಏನೋ ಚುಚ್ಚುತ್ತೆ. ಇದು ನನ್ನ ಅತಿಯಾಸೆನಾ?

ಉತ್ತರ: ಅತಿಯಾಸೆ ಅಲ್ಲ. ಕಾಮಿಡಿ ಕೀಳು ಅಂತಾನೂ ಅಲ್ಲ, ಬರ್ಲೆಸ್ಕ್ ಹುಟ್ಟಿದ್ದೇ ಅಣಕದಿಂದ. 1868ರಲ್ಲಿ ಲಿಡಿಯಾ ಥಾಂಪ್ಸನ್ ತಮ್ಮ ತಂಡ ಕಟ್ಕೊಂಡು ಇಂಗ್ಲೆಂಡಿಂದ ನ್ಯೂಯಾರ್ಕಿಗೆ ಬಂದಾಗ ಮಾಡಿದ್ದೂ ಅಣಕದ ನಾಟಕಗಳೇ. ನೋಡ್ಬೇಕಾದ್ದು ಏನಂದ್ರೆ ನಗು ಯಾವುದರ ಮೇಲೆ ಬರ್ತಿದೆ. ನಿಮ್ಮ ಟೈಮಿಂಗ್‌ಗೆ, ಕಳ್ಳ ನೋಟಕ್ಕೆ ನಕ್ರೆ ಅದು ನಿಮ್ಮ ಗೆಲುವು. ದಪ್ಪ ಹೆಂಗಸು ಕೇಕ್ ತಿಂತಾಳೆ ಅನ್ನೋದಕ್ಕೇ ನಕ್ರೆ ಅಲ್ಲಿ ನಿಮ್ಮ ಕಲೆ ಏನೂ ಬೇಕಾಗಿಲ್ಲ, ಯಾವ ದಪ್ಪಗಿರೋಳನ್ನ ನಿಲ್ಸಿದ್ರೂ ನಗು ಬರುತ್ತೆ, ನಿಮಗೆ ಚುಚ್ಚೋದು ಅದೇ ಇರ್ಬೇಕು.

ದೊಡ್ಡ ಮೈ ಗ್ಲಾಮರ್‌ಗೆ ಆಗಲ್ಲ ಅನ್ನೋದು ಹಳೇ ಪದ್ಧತಿನೂ ಅಲ್ಲ. 1890ರ ದಶಕದಲ್ಲಿ ಅಮೆರಿಕದ ಸ್ಟೇಜಿನ ಸುಂದರಿ ಅಂತ ಜನ ಮುಗಿಬಿದ್ದು ನೋಡ್ತಿದ್ದ ಲಿಲಿಯನ್ ರಸಲ್ ಮೈತುಂಬಿದ ಹೆಂಗಸು. ಬಿಲ್ಲಿ ವಾಟ್ಸನ್ ಅನ್ನೋನ ಬರ್ಲೆಸ್ಕ್ ಕಂಪನಿಯಲ್ಲಂತೂ ದಪ್ಪ ಹೆಂಗಸರೇ ಜಾಹೀರಾತು, ಅದಕ್ಕೆ ಬೀಫ್ ಟ್ರಸ್ಟ್ (ದನದ ಮಾಂಸದ ಕಂಪನಿಗಳ ಕೂಟ) ಅಂತ ಹೆಸರು ಬೇರೆ. ಹೆಸರು ಕೇಳಿದ್ರೆ ಮೈ ಉರಿಯುತ್ತೆ, ದಪ್ಪಗಿರೋರನ್ನ ಸ್ಟೇಜಿಗೆ ಹತ್ತಿಸಿದವರೆಲ್ಲಾ ಮರ್ಯಾದೆ ಕೊಟ್ಟು ಹತ್ತಿಸಿದ್ರು ಅಂತೇನಿಲ್ಲ. ಇತ್ತೀಚಿಗೆ ಬಂದ್ರೆ, 1990ರ ದಶಕದಲ್ಲಿ ಬರ್ಲೆಸ್ಕ್ ಮತ್ತೆ ಚಿಗುರಿದಾಗ ನ್ಯೂಯಾರ್ಕಲ್ಲಿ ಮೇಲೆ ಬಂದ ಡರ್ಟಿ ಮಾರ್ಟಿನಿ ಪ್ಲಸ್ ಸೈಜ್ ಪರ್ಫಾರ್ಮರ್, 2004ರಲ್ಲಿ ಮಿಸ್ ಎಕ್ಸೋಟಿಕ್ ವರ್ಲ್ಡ್ ಅನ್ನೋ ಬರ್ಲೆಸ್ಕ್ ಸ್ಪರ್ಧೆ ಗೆದ್ದವರು. ಅವರ ನಂಬರ್‌ಗಳಲ್ಲಿ ನಗುನೂ ಇದೆ, ಅಪ್ಪಟ ಗ್ಲಾಮರ್ರೂ ಇದೆ. ಹೆದರ್ ಮ್ಯಾಕ್‌ಅಲಿಸ್ಟರ್ 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬರೀ ದಪ್ಪಗಿರೋರದ್ದೇ ಒಂದು ಬರ್ಲೆಸ್ಕ್ ತಂಡ ಕಟ್ಟಿದ್ರು.

ಪ್ರೊಡ್ಯೂಸರ್ ಹತ್ರ ಹೋಗಿ ನನಗೂ ಗ್ಲಾಮರ್ ಕೊಡಿ ಅಂತ ಕೇಳಿದ್ರೆ ನೋಡೋಣ ಅಂತಾರೆ, ಆ ನೋಡೋಣ ಯಾವತ್ತೂ ಬರಲ್ಲ. ನಾಲ್ಕು ನಿಮಿಷದ ಒಂದು ನಂಬರ್ ಪೂರ್ತಿ ರೆಡಿ ಮಾಡ್ಕೊಂಡು, ಕಾಸ್ಟ್ಯೂಮ್ ಸಮೇತ ವಿಡಿಯೋ ತೆಗೆದು, ಇದನ್ನ ಮುಂದಿನ ಶೋಗೆ ಹಾಕೋಣ್ವಾ ಅಂತ ಕೇಳಿ. ನಿಧಾನದ ಹಾಡು ಆರಿಸ್ಕೊಳ್ಳಿ. ಕಾಮಿಡಿ ಮಾಡಿ ಅಭ್ಯಾಸ ಇರೋರಿಗೆ ಸುಮ್ನೆ ನಿಲ್ಲೋದು ತುಂಬಾ ಕಷ್ಟ, ಜನ ನಗ್ಲಿಲ್ಲ ಅಂದ ಕೂಡ್ಲೇ ಮುಖ ಸೊಟ್ಟ ಮಾಡಿ ನಗಿಸ್ಬೇಕು ಅಂತ ಅನ್ಸುತ್ತೆ, ಅದನ್ನ ತಡ್ಕೊಳ್ಳಿ. ಒಂದು ಗ್ಲೌಸ್ ತೆಗೆಯೋಕೆ ಪೂರ್ತಿ ಒಂದು ಚರಣ ತಗೊಳ್ಳಿ. ಬೇರೆ ಶೋಗಳಿಗೂ ಅದೇ ವಿಡಿಯೋ ಕಳಿಸಿ, ಒಂದೇ ಗ್ರೂಪಿನ ಕಣ್ಣಲ್ಲಿ ಮಾತ್ರ ನಿಮ್ಮ ಅಳತೆ ಯಾಕೆ.

ಪ್ರಶ್ನೆ: ಶೋ ಫೋಟೋ ಹಾಕಿದ್ರೆ, ಇಷ್ಟು ದಪ್ಪ ಇದ್ದು ಹೀಗೆ ಬಟ್ಟೆ ಹಾಕ್ಕೋತೀಯಲ್ಲ, ಶುಗರ್ ಬರುತ್ತೆ ನೋಡ್ಕೋ ಅಂತ ಕಾಮೆಂಟ್ ಹಾಕ್ತಾರೆ. ಇನ್ನು ಕೆಲವರು, ಅಬ್ಬಾ ನಿಮ್ಮ ಧೈರ್ಯ ಮೆಚ್ಬೇಕು ಅಂತಾರೆ. ಎರಡೂ ಒಂದೇ ಥರ ಉರಿಯುತ್ತೆ. ಏನು ಹೇಳ್ಲಿ?

ಉತ್ತರ: ಮೊದಲನೇದಕ್ಕೆ ಉತ್ತರನೇ ಬೇಡ, ಬ್ಲಾಕ್ ಮಾಡಿ. ಫೋಟೋ ನೋಡಿ ಶುಗರ್ ಹೇಳೋನಿಗೆ ಬೇಕಿರೋದು ನಿಮ್ಮ ಆರೋಗ್ಯ ಅಲ್ಲ. ನಿಮಗೆ ಓದಿದ್ರೆ ಮನಸ್ಸು ಕೆಡುತ್ತೆ ಅಂದ್ರೆ ಆ ಕೆಲಸಾನ ಫ್ರೆಂಡ್ ಒಬ್ಬರಿಗೆ ಕೊಡಿ, ಶೋ ಆದ ರಾತ್ರಿ ಅಂತೂ ಫೋನ್ ಮುಟ್ಲೇಬೇಡಿ, ಸುಸ್ತಾಗಿರೋವಾಗ ಒಂದು ಕೆಟ್ಟ ಮಾತು ಐವತ್ತು ಒಳ್ಳೇ ಮಾತನ್ನ ನುಂಗುತ್ತೆ.

ಧೈರ್ಯ ಮೆಚ್ಬೇಕು ಅನ್ನೋರು ಬಹಳಷ್ಟು ಸಲ ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಆದ್ರೆ ಅದರೊಳಗೆ ನಾನು ನಿಮ್ಮ ಥರ ಇದ್ದಿದ್ರೆ ಹೊರಗೇ ಬರ್ತಿರ್ಲಿಲ್ಲ ಅನ್ನೋದೂ ಇರುತ್ತೆ, ಉರಿಯೋದು ಸಹಜ. ಜಗಳ ಬೇಡ. ಥ್ಯಾಂಕ್ಸ್, ಬೀಸಣಿಗೆ ಹಿಡ್ಕೊಂಡು ತಿರುಗೋ ಆ ಫ್ಯಾನ್ ಟರ್ನ್ ಹೇಗಿತ್ತು, ಅದಕ್ಕೆ ಮೂರು ವಾರ ಒದ್ದಾಡಿದ್ದೀನಿ ಅಂತ ಕೇಳಿ. ಶೋ ನೋಡಿದವರಾಗಿದ್ರೆ ಟರ್ನ್ ಬಗ್ಗೆ ಮಾತಾಡ್ತಾರೆ, ನೋಡದವರು ಅಲ್ಲಿಗೇ ಸುಮ್ಮನಾಗ್ತಾರೆ.